ಗುಳಿಗಿ ತಗೊಂಡ್ರೇನ್ರಿ?

ಶಹಾಪುರದಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಬಾಗಿಲಲ್ಲಿ ನಿಂತರೆ ಬೆಟ್ಟದ ಸಾಲಿನಲ್ಲಿ ಬುದ್ಧ ಅಂಗಾತ ಮಲಗಿರುವುದು ಕಾಣುತ್ತದೆ, ಒಳಗೆ ಕೂತರೆ ನನ್ನ ಕಂಪ್ಯೂಟರ್. ಇಬ್ಬರಲ್ಲಿ ಯಾರು ಮೊದಲು ಏಳುತ್ತಾರೆಂದು ಗಿರಾಕಿಗಳು ಪಂಥ ಕಟ್ಟುವಷ್ಟು ಅದಕ್ಕೆ ವಯಸ್ಸಾಗಿದೆ.

ದಿನಾ ಸುರಪುರದಿಂದ ಬಸ್ಸಿಗೆ ಬಂದು ಗುಂಡಿ ಒತ್ತುತ್ತೇನೆ. ಊದಿನಕಡ್ಡಿ ಹಚ್ಚಿ, ಚಹಾ ತರಿಸಿ ಕುಡಿಯುವ ಹೊತ್ತಿಗೆ ಪರದೆ ಬೆಳಗುತ್ತದೆ. ಆಮೇಲೆ ‘ನುಡಿ’ ತಂತ್ರಾಂಶ ತೆರೆಯಬೇಕು, ಸ್ಕ್ರಾಲ್ ಲಾಕ್ ಒತ್ತಬೇಕು. (ಆ ಬಡಪಾಯಿ ಕೀಲಿಗೆ ನೌಕರಿ ಕೊಟ್ಟ ಪುಣ್ಯ ನಮ್ಮದೇ ಇರಬೇಕು.) ನಾನು ಪರದೆ ನೋಡದೆ ಟೈಪ್ ಮಾಡುವವನು. ಅದೇ ಹಮ್ಮಿನಲ್ಲಿ ಒಂದು ದಿನ ನುಡಿ ತೆರೆಯುವುದನ್ನೇ ಮರೆತು, ಒಬ್ಬ ರೈತನ ಪಹಣಿ ತಿದ್ದುಪಡಿ ಅರ್ಜಿಯನ್ನು ಒಂದೂವರೆ ಪುಟ ಬಡಿದೆ. ತಲೆಯೆತ್ತಿದರೆ ಅಕ್ಷರಗಳೆಲ್ಲ ಇಂಗ್ಲಿಷು, ಭಾಷೆ ಮಾತ್ರ ದೇವರಿಗೇ ಪ್ರೀತಿ. ರೈತನಿಗೆ ಖುಷಿಯೋ ಖುಷಿ. “ಇಂಗ್ಲಿಷಿನ್ಯಾಗ ಇದ್ರ ಲಗೂ ಕೆಲ್ಸ ಆಗ್ತದ. ಇರ್ಲಿ ಬಿಡ್ರಿ ಸರ” ಅಂದ.

ಯಾದಗಿರಿಯಲ್ಲಿ ಓದುವ ಅಕ್ಕನ ಮಗ ಇದನ್ನು ಕೇಳಿ ನಕ್ಕು, ಭಾನುವಾರ ಬಂದು ಕೂತ. ವಿಂಡೋಸ್ ಕೀಲಿ ಹಿಡಿದು ಆರ್ ಒತ್ತಿದ, ‘ಶೆಲ್’ ಎಂದು ಹೊಡೆದ, ಎರಡು ಚುಕ್ಕಿ ಇಟ್ಟ, ‘ಸ್ಟಾರ್ಟಪ್’ ಎಂದ. ಒಂದು ಖಾಲಿ ಫೋಲ್ಡರ್ ತೆರೆಯಿತು. ಇದರೊಳಗೆ ಏನಿಟ್ಟರೂ ಕಂಪ್ಯೂಟರ್ ಎದ್ದ ಕೂಡಲೇ ತಾನಾಗಿ ಓಡುತ್ತದಂತೆ. ನುಡಿಯ ಶಾರ್ಟ್‌ಕಟ್ ತಂದು ಅಲ್ಲಿಟ್ಟ. ನನಗಿದು ಪೂರ್ತಿ ಹೊಸದಲ್ಲ. ಡಾಸ್ ಕಾಲದಲ್ಲಿ ‘ಆಟೋಎಕ್ಸೆಕ್ ಡಾಟ್ ಬ್ಯಾಟ್’ ಎಂಬ ಕಡತವಿತ್ತು. ಅದರಲ್ಲಿ ಬರೆದಿಟ್ಟಿದ್ದನ್ನು ಯಂತ್ರ ಎದ್ದ ಕ್ಷಣ ಸಾಲು ಸಾಲಾಗಿ ಮಾಡುತ್ತಿತ್ತು. ಬ್ಯಾಟ್ ಎಂದರೆ ಬ್ಯಾಚ್ ಎಂದು ಮೇಷ್ಟ್ರು ಬಿಡಿಸಿ ಹೇಳುವವರೆಗೆ ಒಳಗೊಂದು ಬಾವಲಿ ಜೋತಾಡುತ್ತಿದೆ ಎಂದೇ ನಂಬಿದ್ದೆ.

ನನ್ನ ಬೆರಳಲ್ಲೂ ಅಂಥದೊಂದು ಕಡತ ಇದೆ. ಯಾದಗಿರಿ 2009ರ ಡಿಸೆಂಬರ್ 30ಕ್ಕೆ ಬೇರೆ ಜಿಲ್ಲೆಯಾಯಿತು. ಆದರೂ ‘ತಾ. ಶಹಾಪುರ’ ಎಂದು ಹೊಡೆದದ್ದೇ ತಡ, ‘ಜಿ. ಗುಲಬರ್ಗಾ’ ವರ್ಷಗಟ್ಟಲೆ ತಾನೇ ಬಂದು ಕೂರುತ್ತಿತ್ತು. 2014ರಲ್ಲಿ ಗುಲಬರ್ಗಾವೇ ಕಲಬುರಗಿಯಾದರೂ ಬೆರಳಿಗೆ ಆದೇಶದ ಪ್ರತಿ ತಲುಪಿರಲಿಲ್ಲ.

ಈ ಫೋಲ್ಡರಿನ ಮಹಿಮೆಯನ್ನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದೆ.

“ಹಂಗಿದ್ರ ನಂದೂ ಒಂದು ಮಾತು ಅದ್ರಾಗ ಇಡು” ಎಂದು ನನ್ನಾಕೆ ಹುಡುಗನ ಫೋನ್ ಬಾಯಿಗೆ ಹಿಡಿದಳು: “ಬಿಪಿ ಗುಳಿಗಿ ತಗೊಂಡ್ರೇನ್ರಿ?” ನಾನು ಪ್ರತಿಭಟಿಸಿದೆ. ಅವಳು ಕಿಟಕಿಯಾಚೆ ಕೈತೋರಿದಳು. “ಅಲ್ಲಿ ಟೇಲರ್ ಮಂಜಿಲಿನ್ಯಾಗ ಕೂತು ಆ ಟೇಲರ್ ಸಾಹೇಬ ಇಡೀ ಸಂಸ್ಥಾನ ನಡಸ್ಯಾನ. ನಾ ಇಲ್ಲಿ ಕೂತು ಒಬ್ಬ ಗಂಡನ್ನ ನಡಸ್ಲಾಕ ಆಗಂಗಿಲ್ಲೇನು?” ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದದ್ದು 1841ರಿಂದ 1853ರವರೆಗೆ, ಬಾಲಕ ರಾಜ ವೆಂಕಟಪ್ಪ ನಾಯಕ ದೊಡ್ಡವನಾಗುವ ತನಕ, ಅಷ್ಟೇ. ನನ್ನ ವಿಷಯದಲ್ಲಿ ಅಂಥ ಗಡುವೇನೂ ಇಲ್ಲ.

ಹುಡುಗ ಪುಟ್ಟ ಪ್ರೋಗ್ರಾಂ ಬರೆದು ಸ್ಟಾರ್ಟಪ್‌ಗೆ ಹಾಕಿದ. ಅವನಿಗೆ ತಿಳಿಯದಿದ್ದದ್ದು ಒಂದೇ: ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಕಂಪ್ಯೂಟರಿಗೆ ಮುಂಜಾನೆ. ಯುಪಿಎಸ್ಸಿನ ಬ್ಯಾಟರಿ ಸತ್ತು, ಅದರ ಮೇಲೆ ನೀರಿನ ತಂಬಿಗೆ ಕೂತು ಎಷ್ಟು ಬೇಸಿಗೆ ಕಳೆದವೋ. ಮೊದಲ ದಿನವೇ ಅದು ಏಳು ಸಲ ಎದ್ದು ಏಳು ಸಲವೂ ಗುಳಿಗೆ ವಿಚಾರಿಸಿತು. ನಾಲ್ಕನೆಯ ಸಲ, ಸರತಿಯಲ್ಲಿ ಕೂತಿದ್ದ ಮುದುಕನೊಬ್ಬ ಎದ್ದು ನಿಂತು ಕೈಮುಗಿದ. “ನಾ ಇನ್ನಾ ತಗೊಂಡಿಲ್ರಿ ಅಕ್ಕಾರ. ಊಟ ಆಗ್ಲಿ.”

ಕರೆಂಟು ಬಂದಾಗಲೆಲ್ಲ ನಾನು ಗುಂಡಿ ಒತ್ತುವ ಕಷ್ಟವನ್ನೂ ತಪ್ಪಿಸೋಣವೆಂದು ಹುಡುಗ ಬಯಾಸ್‌ಗೆ ಹೊಕ್ಕು, ವಿದ್ಯುತ್ ಮರಳಿದೊಡನೆ ತಾನೇ ಚಾಲೂ ಆಗುವ ಹಾಗೆ ಮಾಡಿಟ್ಟಿದ್ದ. ಒಂದು ರಾತ್ರಿ ಒಂದೂವರೆಗೆ ಕರೆಂಟು ಬಂತು. ಬೀಗ ಹಾಕಿದ ಷಟರಿನ ಒಳಗಿನಿಂದ ಹೆಂಗಸಿನ ದನಿ. ಮತ್ತೆ ಹೋಯಿತು, ಮತ್ತೆ ಬಂತು, ಮತ್ತದೇ ದನಿ. ಬೆಳಗಾಗುವುದರೊಳಗೆ, ನಾನು ಹೆಂಡತಿಯನ್ನು ಅಂಗಡಿಯಲ್ಲಿ ಕೂಡಿಹಾಕಿದ್ದೇನೆಂದೂ ಆ ಮಹಾತಾಯಿ ಅಲ್ಲಿಂದಲೂ ಗಂಡನ ಆರೋಗ್ಯವನ್ನೇ ಚಿಂತಿಸುತ್ತಿದ್ದಾಳೆಂದೂ ಓಣಿ ತೀರ್ಮಾನಿಸಿತ್ತು. ಸಾಕ್ಷಿಗೆಂದು ಅವಳನ್ನು ಮೊದಲ ಬಸ್ಸಿಗೆ ಕರೆತಂದೆ. ಚಹಾದಂಗಡಿಯವನು ಅವಳಿಗೆ ಬಿಟ್ಟಿ ಚಹಾ ಕೊಟ್ಟ. ನನಗೆ ಕೊಡಲಿಲ್ಲ.

ಹುಡುಗ ಮತ್ತೆ ಬಂದು ತಿದ್ದಿದ. ಈಗ ಪ್ರೋಗ್ರಾಂ ತಾನು ಕೇಳಿದ ತಾರೀಕನ್ನೂ ಹೊತ್ತನ್ನೂ ಒಂದು ಕಡತದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅದೇ ತಾರೀಕಿನಲ್ಲಿ ಎಷ್ಟು ಸಲ ಎದ್ದರೂ ಮತ್ತೆ ಬಾಯಿ ತೆರೆಯುವುದಿಲ್ಲ. ಹೋಗುವಾಗ ಬೋರ್ಡಿನ ಗುಂಡಿ ಆರಿಸು ಎಂದು ನನಗೂ ತಾಕೀತು. ಎರಡು ತಿಂಗಳು ನೆಮ್ಮದಿ. ಗುಳಿಗೆಯ ನೆನಪನ್ನು ಪೂರ್ತಿ ಅದಕ್ಕೇ ವಹಿಸಿ ನಾನು ಹಗುರಾದೆ.

ಮೊನ್ನೆ ಗುಂಡಿ ಆರಿಸುವುದು ಮರೆತೆ. ಮರುದಿನ ಇಡೀ ದಿನ ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ. ಸಂಜೆ ತಲೆ ಗಿಮ್ಮೆನ್ನುತ್ತ ಮನೆಗೆ ಹೋದರೆ ಬಾಗಿಲಲ್ಲೇ ಪ್ರಶ್ನೆ: “ತಗೊಂಡ್ರೇನ್ರಿ?”

“ಅದು ಕೇಳಲೇ ಇಲ್ಲ” ಅಂದೆ.

ಹುಡುಗನಿಗೆ ಫೋನ್ ಹೋಯಿತು. ಅವನು ಹೇಳಿದ ಕಡತವನ್ನು ಮಾರನೆಯ ದಿನ ತೆರೆದು ನೋಡಿದೆ. ಕೇಳಿತ್ತು. ರಾತ್ರಿ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂದಾಗ, ಖಾಲಿ ಕುರ್ಚಿಯನ್ನು.