ಪರದೇಶಯಾನದಲ್ಲಿ ದೇಹರಕ್ಷಣೆ: ಒಂದು ಶಾಸ್ತ್ರವಿಚಾರ

ಮೀಮಾಂಸಕರು ಯಾವ ವಿಷಯ ಎತ್ತಿಕೊಂಡರೂ ಮೊದಲು ಸಂಶಯ, ಆಮೇಲೆ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ ಎಂಬ ಕ್ರಮ ತಪ್ಪುವುದಿಲ್ಲ. ಪ್ರಸ್ತುತ ವಿಷಯ: ಅರವತ್ತು ದಾಟಿದ ಕನ್ನಡ ದಂಪತಿ ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಾಗ ಅವರ ಆರೋಗ್ಯ ಕಾಯುವುದು ಯಾವುದು? ಸಂಶಯ: ಔಷಧವೋ, ಚಟ್ನಿಪುಡಿಯೋ? ಚಟ್ನಿಪುಡಿಯೇ ಎಂಬುದು ಪೂರ್ವಪಕ್ಷ. ಇದರ ಬೆನ್ನಿಗೆ ತಲಾ 23 ಕಿಲೋದ ಸೂಟ್‌ಕೇಸುಗಳು ನಿಂತಿರುವುದರಿಂದ ಹಗುರವಾಗಿ ಖಂಡಿಸುವಂತಿಲ್ಲ.

ಪೂರ್ವಾಚಾರ್ಯರ ಬೆಂಬಲವೂ ಉಂಟು. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿದ ಹದಿನೆಂಟರ ಹುಡುಗ ಮೋಹನದಾಸ ಗಾಂಧಿ ಊಟದ ಮೇಜಿನ ಕಡೆ ಸುಳಿಯದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ತಿಂದುಕೊಂಡು ಇಂಗ್ಲೆಂಡ್ ಮುಟ್ಟಿದರು. ಆದರೆ 1914ರಲ್ಲಿ ಕೇಂಬ್ರಿಜ್‌ಗೆ ಹೋದ ಶ್ರೀನಿವಾಸ ರಾಮಾನುಜನ್ ಪ್ರಕರಣ ಈ ಪಕ್ಷವನ್ನು ಅಲುಗಾಡಿಸುತ್ತದೆ. ಅಡುಗೆ ಅವರದೇ ಕೈಯದು, ಶುದ್ಧ ಸಸ್ಯಾಹಾರ. ಆದರೂ ರಾತ್ರಿಯೆಲ್ಲ ಚಳಿಗೆ ನಡುಕ. ಅಂಚು ಸಿಕ್ಕಿಸಿ ಅಚ್ಚುಕಟ್ಟಾಗಿ ಹಾಸಿದ್ದ ಕಂಬಳಿಗಳ ಒಳಗೆ ನುಸುಳಬೇಕೆಂದು ತಿಳಿಯದೆ, ಓವರ್‌ಕೋಟು ತೊಟ್ಟು ಅವುಗಳ ಮೇಲೆಯೇ ಮಲಗುತ್ತಿದ್ದರಂತೆ. ಒಳಸೇರುವ ವಿದ್ಯೆ ತೋರಿಸಿಕೊಟ್ಟವರು ಮುಂದೆ ಸಂಖ್ಯಾಶಾಸ್ತ್ರಜ್ಞರೆಂದು ಹೆಸರಾದ ಪಿ.ಸಿ. ಮಹಾಲನೋಬಿಸ್. ಕಂಬಳಿಯ ವಿಷಯದಲ್ಲಿ ಚಟ್ನಿಪುಡಿ ಮೌನ ತಾಳುತ್ತದೆ ಎಂಬುದನ್ನು ಪೂರ್ವಪಕ್ಷಿಗಳು ಒಪ್ಪಲೇಬೇಕು.

ಇನ್ನು ದೋಷವಿಚಾರ. ವಿಮಾನದಲ್ಲಿ ವಾತ ಕೆರಳುತ್ತದೆ ಎನ್ನುವ ಮನೆಯ ಹಿರಿಯರ ಮಾತಿಗೆ ಹದಿನೇಳನೆಯ ಶತಮಾನದ ರಾಬರ್ಟ್ ಬಾಯ್ಲ್‌ನ ಒಪ್ಪಿಗೆಯಿದೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ. ಅಂದರೆ ದಂಪತಿ ಹೆಚ್ಚೂಕಮ್ಮಿ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಹದಿನಾರು ಗಂಟೆ ಬೆಲ್ಟು ಬಿಗಿದುಕೊಂಡು ಕೂತಿದ್ದಾರೆ. ಒತ್ತಡ ಇಳಿದಷ್ಟೂ ಅನಿಲ ಹಿಗ್ಗುತ್ತದೆ ಎಂಬುದು ಬಾಯ್ಲ್‌ನ ನಿಯಮ. ಎಂಟು ಸಾವಿರ ಅಡಿಯ ಲೆಕ್ಕಕ್ಕೆ ಸುಮಾರು ಮೂರನೇ ಒಂದು ಪಾಲಿನಷ್ಟು. ಕೈಚೀಲದಲ್ಲಿರುವ ಕೋಡುಬಳೆಯ ಪೊಟ್ಟಣ ಇನ್ನೇನು ಬಿರಿಯಿತು ಎಂಬಂತೆ ಉಬ್ಬುವುದು ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಹೊರಡುವ ಮುನ್ನ ತಿಂದ ಅವರೆಕಾಳು ಉಪ್ಪಿಟ್ಟು ಅನುಮಾನ ಪ್ರಮಾಣ. ಶಬ್ದಪ್ರಮಾಣದ ಪ್ರಸ್ತಾಪ ಇಲ್ಲಿ ಬೇಡ.

ಕಫದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾಬಿನ್ನಿನ ತೇವಾಂಶ ಶೇ 20ಕ್ಕೂ ಕೆಳಗಿಳಿದು ಮೂಗು, ಗಂಟಲು ಒಣಗುತ್ತವೆ, ನೀರು ಕುಡಿಯಬೇಕು, ಅಷ್ಟೆ. ಕುಡಿದರೆ ನಡುನಡುವೆ ಏಳಬೇಕು; ಕುಡಿಯದಿರಲು ಕಾರಣ ಮಾತ್ರ ಚರಕ ಹೇಳದ ನಾಲ್ಕನೆಯ ದೋಷ: ದಾಕ್ಷಿಣ್ಯ.

“ಏನೂಂದ್ರೆ, ಸ್ವಲ್ಪ ಎದ್ದು ಓಡಾಡಿ ಬರೋಣ್ವಾ?”

“ಸುಮ್ನಿರೇ, ಆ ತುದಿ ಸೀಟಿನ ಹುಡುಗ ಮಲಗಿದಾನೆ, ಪಾಪ.”

ನಾಲ್ಕು ಗಂಟೆಗೂ ಮೀರಿ ಕೂತೇ ಪ್ರಯಾಣಿಸಿದರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಆ ಹುಡುಗ ಎಚ್ಚರಗೊಂಡರೆ ಕಳೆದುಕೊಳ್ಳುವುದು ಐದು ನಿಮಿಷದ ನಿದ್ದೆ. ಆದರೂ ಪಾಪವೆಲ್ಲ ಅವನ ಪಾಲಿಗೇ.

ಇಳಿದ ಮೇಲೆ ಕಾಲವಿಪರ್ಯಯ. ಬೇಸಿಗೆಯಲ್ಲಿ ಎರಡು ಊರುಗಳ ನಡುವೆ ಹನ್ನೆರಡೂವರೆ ಗಂಟೆ ಅಂತರ; ಅಲ್ಲಿ ನಡುರಾತ್ರಿಯಾದರೆ ದಂಪತಿಯ ಹೊಟ್ಟೆಗೆ ಮಧ್ಯಾಹ್ನ ಹನ್ನೆರಡೂವರೆ. ಅಳಿಯ ಗೊರಕೆ ಹೊಡೆಯುವಾಗ ಅತ್ತೆ ಅಡುಗೆಮನೆಯ ದೀಪ ಹಾಕಿ ಹುಳಿ ಬಿಸಿ ಮಾಡುತ್ತಿರುತ್ತಾರೆ. ದೇಹದ ಗಡಿಯಾರ ದಿನಕ್ಕೆ ಹೆಚ್ಚೂಕಮ್ಮಿ ಒಂದು ಗಂಟೆಯಷ್ಟೇ ಸರಿಯುವುದರಿಂದ ಈ ಭೋಜನಕ್ರಮ ಒಂದು ವಾರಕ್ಕೆ ಕಡಿಮೆಯಿಲ್ಲದೆ ನಡೆಯುತ್ತದೆ.

ನಿದ್ದೆಗೆ ಗಸಗಸೆ ಪಾಯಸಕ್ಕಿಂತ ದೊಡ್ಡ ಔಷಧವುಂಟೇ ಎಂದು ಪೂರ್ವಪಕ್ಷಿಗಳು ಇಲ್ಲಿ ಮತ್ತೆ ತಲೆಯೆತ್ತುತ್ತಾರೆ. ಪ್ರಯಾಣ ದುಬೈ ಅಥವಾ ಸಿಂಗಪುರಕ್ಕಾದರೆ ಈ ವಾದವನ್ನು ಅಲ್ಲಿನ ಪೊಲೀಸರ ಮುಂದೆ ಮಂಡಿಸಬೇಕಾದೀತು: ಎರಡೂ ಕಡೆ ಗಸಗಸೆ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಅಮೆರಿಕವು ಹಸಿ ಕರಿಬೇವನ್ನು ಒಳಗೆ ಬಿಡದು. ಅದರ ಮೇಲೆ ಬರುವ ಒಂದು ಪುಟ್ಟ ಕೀಟ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ. ಎಲ್ಲಕ್ಕಿಂತ ಸೋಜಿಗ ಕೊಬ್ಬರಿಯದು. ತಿಪಟೂರಿನಲ್ಲಿ ಮೂಟೆಗಟ್ಟಲೆ ಸೌಮ್ಯವಾಗಿ ಕೂತಿರುವ ಈ ಪದಾರ್ಥಕ್ಕೆ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಯುಎನ್ 1363 ಎಂಬ ಸಂಖ್ಯೆಯಿದೆ, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ.

ಔಷಧಪಕ್ಷದವರೂ ಬೀಗುವಂತಿಲ್ಲ. ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪನ್ನು ಮುಂಗಡ ಅನುಮತಿಯಿಲ್ಲದೆ ದುಬೈಗೆ ಒಯ್ಯುವಂತಿಲ್ಲ. ಆದ್ದರಿಂದ ಸಿದ್ಧಾಂತ ಹೀಗೆ: ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲಿರಬೇಕು, ಏಕೆಂದರೆ ಸೂಟ್‌ಕೇಸು ಬೇರೆ ಊರಿಗೆ ಹೋದರೂ ಹೋದೀತು. ವಾಡಿಕೆ ಇದಕ್ಕೆ ತದ್ವಿರುದ್ಧ. ಮಾತ್ರೆ ಸೂಟ್‌ಕೇಸಿನ ತಳದಲ್ಲಿ, ಮಾವಿನಮಿಡಿ ಕೈಚೀಲದಲ್ಲಿ.

2006ರಲ್ಲಿ ದ್ರವಸ್ಫೋಟಕದಿಂದ ವಿಮಾನಗಳನ್ನು ಉಡಾಯಿಸುವ ಸಂಚೊಂದು ಲಂಡನ್ನಿನಲ್ಲಿ ಬಯಲಾದ ಮೇಲೆ ಕೈಚೀಲದ ದ್ರವಕ್ಕೆ 100 ಮಿ.ಲೀ. ಮಿತಿ ಬಂತು. ಅಂದಿನಿಂದ ಹುಟ್ಟಿಕೊಂಡ ತರ್ಕ: ಉಪ್ಪಿನಕಾಯಿ ಘನವೋ, ದ್ರವವೋ? ಮಿಡಿ ಘನ, ರಸ ದ್ರವ, ಎರಡಕ್ಕೂ ಸಮವಾಯ ಸಂಬಂಧವಿರುವುದರಿಂದ ಬೇರ್ಪಡಿಸಲಾಗದು ಎಂದು ಒಂದು ಪಂಥ. ರಸ ಸೋಸಿ ಮಿಡಿ ಮಾತ್ರ ಒಯ್ಯಬಹುದೆಂದು ಇನ್ನೊಂದು. ತಪಾಸಣೆ ಸಿಬ್ಬಂದಿ ಮಾತ್ರ ಅದ್ವೈತಿಗಳು. ಮಿಡಿ, ರಸ, ಡಬ್ಬಿ ಯಾವುದರಲ್ಲೂ ಭೇದವೆಣಿಸದೆ ಒಟ್ಟಿಗೇ ತೊಟ್ಟಿಗೆ ಹಾಕುತ್ತಾರೆ.