ಆಂಗ್ಲವ್ಯಾಕರಣಬೋಧನ ಶಾಸ್ತ್ರ: ಪ್ರೌಢಶಾಲಾ ಭಾಷ್ಯ ಸಹಿತ

ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕಲಿಸುವುದು ಮಕ್ಕಳಿಗೆ ಇಂಗ್ಲಿಷ್ ಬರಲಿ ಎಂದೇ ಎಂಬ ತಪ್ಪು ತಿಳಿವಳಿಕೆ ವಿದ್ವಾಂಸರಲ್ಲಿಯೂ ಉಳಿದುಕೊಂಡಿರುವುದು ಖೇದಕರ. ಅದನ್ನು ನಿವಾರಿಸಲೆಂದೇ ಈ ಕಿರುಗ್ರಂಥ. ಸತ್ಯನಾರಾಯಣ ಪೂಜೆಗೆ ಕುಳಿತವರು ಸಾಧು ವಣಿಕನ ಕಥೆಯನ್ನು ಹಡಗಿನ ವ್ಯಾಪಾರ ಕಲಿಯಲೆಂದು ಕೇಳುವುದಿಲ್ಲ. ಕಥೆ ಮುಗಿಯುತ್ತದೆ, ಸಪಾದ ಭಕ್ಷ್ಯ ಕೈಗೆ ಬರುತ್ತದೆ, ಎಲ್ಲರೂ ಏಳುತ್ತಾರೆ. ಕನ್ನಡ ಮಾಧ್ಯಮದ ಎಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ ಲಿಖಿತದಲ್ಲಿ 80, ಶಾಲೆಯ ಕೈಯಲ್ಲಿ 20, ಒಟ್ಟು 100 ಅಂಕದ ಪ್ರಸಾದವಿದೆ. ಅದಕ್ಕೆ ತಕ್ಕ ಮಂತ್ರವೇ ವ್ಯಾಕರಣ. ಮಂತ್ರದ ಅರ್ಥ ಕೇಳುವವನು ನಾಸ್ತಿಕ, ಇಲ್ಲವೇ ಹೊಸದಾಗಿ ಬಿ.ಎಡ್. ಮುಗಿಸಿ ಬಂದವನು.

ಈ ಶಾಸ್ತ್ರದ ವಂಶಾವಳಿ ಘನವಾದುದು. ಕನ್ನಡದ ವ್ಯಾಕರಣವನ್ನು ಕನ್ನಡದಲ್ಲೇ ಹೇಳುವ ಸಲೀಸಾದ ದಾರಿಯನ್ನು ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ತೋರಿಸಿಕೊಟ್ಟಿದ್ದ. ಆದರೆ 1604ರಲ್ಲಿ ಭಟ್ಟಾಕಳಂಕ ಅದೇ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದು, ಒಂದು ಭಾಷೆಯ ಗುಟ್ಟನ್ನು ಇನ್ನೊಂದರಲ್ಲಿ ಹೇಳಿದರೇ ತೂಕ ಎಂದು ತೋರಿಸಿದ. 1817ರಲ್ಲಿ ಸೆರಾಂಪುರದ ವಿಲಿಯಂ ಕೇರಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ನಮ್ಮ ತಲೆಯ ಮೇಲೆ ಋಣ ಹೊರಿಸಿದ. ಹೈಸ್ಕೂಲು ಮೇಷ್ಟ್ರುಗಳು ಇಂಗ್ಲಿಷ್ ವ್ಯಾಕರಣವನ್ನು ಅಪ್ಪಟ ಕನ್ನಡದಲ್ಲಿ ಬೋಧಿಸಿ ಇವತ್ತಿಗೂ ಅದರ ಬಡ್ಡಿ ಕಟ್ಟುತ್ತಿದ್ದಾರೆ. "ನೋಡ್ರೋ, ಸಬ್ಜೆಕ್ಟು ಹಿಂದಕ್ಕೆ ಹೋಯ್ತು, ಆಬ್ಜೆಕ್ಟು ಮುಂದಕ್ಕೆ ಬಂತು" ಎಂಬುದನ್ನು ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಿದ್ದು ಎಂದು ಬಿಇಓ ಸಾಹೇಬರು ಬರೆದುಕೊಂಡು ಹೋದರೆ ಅದು ಅವರ ಪರಂಪರಾಜ್ಞಾನದ ಕೊರತೆ.

ಇನ್ನು ಮೂಲ ಆಚಾರ್ಯರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಮುಂದೆ ಲಂಡನ್ನಿನ ಬಿಷಪ್ ಆದ. 1795ರಲ್ಲಿ ಬರೆದ ಲಿಂಡ್ಲಿ ಮರ್ರಿ ನ್ಯೂಯಾರ್ಕಿನ ವಕೀಲ. ಇಂಗ್ಲೆಂಡಿನ ಯಾರ್ಕ್ ಪಟ್ಟಣಕ್ಕೆ ಬಂದು ನೆಲೆಸಿ, ಅಲ್ಲಿನ ಹೆಣ್ಣುಮಕ್ಕಳ ಶಾಲೆಗಾಗಿ ಬರೆದ. ನಮ್ಮವರು ಕೆಂಪು ರಟ್ಟು ಕಂಡೊಡನೆ ಕೈಮುಗಿಯುವ 'ವ್ರೆನ್ ಅಂಡ್ ಮಾರ್ಟಿನ್' ಒಬ್ಬನೇ ವ್ಯಕ್ತಿಯೆಂದು ಮೂರು ತಲೆಮಾರು ನಂಬಿದೆ. ಹರಿಹರ ಒಂದೇ ವಿಗ್ರಹದಲ್ಲಿ ನಿಲ್ಲಬಹುದಾದರೆ ಇವರಿಗೇನು ಅಡ್ಡಿ? ಈ ಜೋಡಿಯ ವ್ರೆನ್, ಫ್ರೆಂಚ್ ಪರದೇಶಿ ದಂಡಿನ ಸಾಹಸವನ್ನು ಕುರಿತ 'ಬೋ ಜೆಸ್ಟ್' ಎಂಬ 1924ರ ಕಾದಂಬರಿಯಿಂದ ಹೆಸರಾದವನು. ಮರಳುಗಾಡಿನ ಕೋಟೆಯಲ್ಲಿ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದ ಕೈಯೇ ಅಭ್ಯಾಸದ ವಾಕ್ಯಗಳನ್ನೂ ಸಾಲಾಗಿ ನಿಲ್ಲಿಸಿದೆ. ಬಿಷಪ್, ವಕೀಲ, ಕಾದಂಬರಿಕಾರ! ಪಾಪಭೀತಿ, ತಕರಾರು, ಕಟ್ಟುಕಥೆ ಈ ಮೂರೂ ನಮ್ಮ ವ್ಯಾಕರಣದ ಪೀರಿಯಡ್ಡಿಗೆ ಎಲ್ಲಿಂದ ಬಂದವೆಂದು ಇನ್ನು ಕೇಳಬೇಕಾಗಿಲ್ಲ.

ಮೊದಲು ಕಾಲವಿಚಾರ. ಬೋರ್ಡಿನ ಮೇಲೆ ಅಡ್ಡ ಮೂರು, ಉದ್ದ ನಾಲ್ಕು ಮನೆ ಬರುವಂತೆ ಗೆರೆ ಎಳೆದರೆ ಹನ್ನೆರಡು ಟೆನ್ಸು. ಸಿಂಪಲ್ ಪ್ರೆಸೆಂಟಿನ ಮನೆಯಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಅಲ್ಲಿ ಅವನಿಗೆ ಬೇರೆ ಕೆಲಸವಿಲ್ಲ. ಪಾಸ್ಟ್ ಪರ್ಫೆಕ್ಟಿನ ಮನೆಯಲ್ಲಿ ಒಬ್ಬ ರೋಗಿ ಇದ್ದಾನೆ. 'ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.' ಈ ನತದೃಷ್ಟ ಪ್ರತಿ ವರ್ಷ, ಪ್ರತಿ ಶಾಲೆಯಲ್ಲಿ, ಎ ಸೆಕ್ಷನ್ನಿನಲ್ಲಿ ಬೆಳಗ್ಗೆ, ಬಿ ಸೆಕ್ಷನ್ನಿನಲ್ಲಿ ಮಧ್ಯಾಹ್ನ ಸಾಯುತ್ತಾನೆ. ಡಾಕ್ಟರಿಗೆ ಬೇಗ ಬರಲು ಏನು ಧಾಡಿ ಎಂದು ಹಿಂದಿನ ಬೆಂಚಿನ ವಿಮರ್ಶಕರು ಕೇಳುವುದುಂಟು. ಭಾಷ್ಯಕಾರರ ಉತ್ತರ ಸ್ಪಷ್ಟವಾಗಿದೆ: ಡಾಕ್ಟರು ಬೇಗ ಬಂದರೆ ರೋಗಿ ಬದುಕುತ್ತಾನೆ, ರೋಗಿ ಬದುಕಿದರೆ 'ಹ್ಯಾಡ್' ಸಾಯುತ್ತದೆ. ಒಬ್ಬ ಮನುಷ್ಯನಿಗಾಗಿ ಒಂದು ಟೆನ್ಸನ್ನೇ ಕಳೆದುಕೊಳ್ಳಲಾಗದು. ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಈ ನಿಯಮವನ್ನು ತರಗತಿಯ ಹೊರಗೂ ಪಾಲಿಸುತ್ತಿರುವುದು ಶಾಸ್ತ್ರದ ಪ್ರಭಾವಕ್ಕೆ ಸಾಕ್ಷಿ.

ಹನ್ನೆರಡನೆಯ ಮನೆಯಾದ ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್ಸನ್ನು ಕರ್ನಾಟಕದಲ್ಲಿ ಯಾರೂ ಎಂದೂ ಬಳಸಿಲ್ಲವೆಂಬ ಆಕ್ಷೇಪವಿದೆ. ಒಳಚರಂಡಿಗೆಂದು ಅಗೆದ ರಸ್ತೆಯ ಪಕ್ಕದಲ್ಲಿ ವಾಸವಿಲ್ಲದವರು ಎತ್ತುವ ಆಕ್ಷೇಪ ಅದು. 'ಬರುವ ಯುಗಾದಿಗೆ ಇವರು ಅಗೆಯುತ್ತಲೇ ಇದ್ದು ಮೂರು ವರ್ಷವಾಗಿರುತ್ತದೆ' ಎಂಬ ನಿತ್ಯಸತ್ಯವನ್ನು ಬೇರೆ ಯಾವ ಟೆನ್ಸಿನಲ್ಲಿ ಹೇಳುತ್ತೀರಿ?

ಆರ್ಟಿಕಲ್ಲುಗಳ ವಿಷಯ ಚಿಕ್ಕದು, ಆದರೆ ರಾಜಕೀಯ ಗಂಭೀರ. ಶಬ್ದ ಸ್ವರದಿಂದ ಶುರುವಾದರೆ 'ಆನ್', ಇಲ್ಲವಾದರೆ 'ಎ'. ಎಮ್ಮೆಲ್ಲೆಗೆ 'ಆನ್', ಮಿನಿಸ್ಟರಿಗೆ 'ಎ'. ಅಂದರೆ ಶಾಸಕನು ಸಚಿವನಾಗಿ ಪ್ರಮಾಣವಚನ ಸ್ವೀಕರಿಸಿದ ಗಳಿಗೆಯಲ್ಲಿ ವ್ಯಾಕರಣದ ಕಡೆಯಿಂದ ಒಂದು ನಕಾರ ಕಳೆದುಕೊಳ್ಳುತ್ತಾನೆ. ಆಮೇಲೆ ಯಾರು ಏನು ಕೇಳಿದರೂ ಆಗಲ್ಲ ಎನ್ನಲಾರ, ನೋಡೋಣ ಎನ್ನುತ್ತಾನೆ. ಜಗತ್ತಿನಲ್ಲಿ ಒಂದೇ ಇರುವ ಸೂರ್ಯ, ಚಂದ್ರ, ಆಕಾಶಗಳಿಗೆ 'ದಿ'. ತಮ್ಮ ನಾಯಕರೂ ಈ ಪಟ್ಟಿಗೆ ಸೇರಬೇಕೆಂದು ಫ್ಲೆಕ್ಸ್ ಹಾಕಿಸುವವರ ವಾದ. ಅದು ಪಠ್ಯಪುಸ್ತಕ ಪರಿಷ್ಕರಣೆಗೆ ಬಿಟ್ಟ ವಿಚಾರ.

ಶಾಸ್ತ್ರದ ಹೃದಯ ಇರುವುದು ಪ್ಯಾಸಿವ್ ವಾಯ್ಸಿನಲ್ಲಿ. ವಿಧಾನ ಹೀಗೆ: ಆಬ್ಜೆಕ್ಟನ್ನು ಮುಂದೆ ಕೂರಿಸಬೇಕು, ಬಿ-ಫಾರ್ಮ್ ಹಾಕಬೇಕು, ವಿ-3 ಬರೆಯಬೇಕು, 'ಬೈ' ಹಚ್ಚಬೇಕು, ಕೊನೆಗೆ ಸಬ್ಜೆಕ್ಟನ್ನು ಬಾಗಿಲ ಬಳಿ ನಿಲ್ಲಿಸಬೇಕು. ಪ್ರಯೋಗಕ್ಕೆ ರಾಮ ಬೇಕು, ರಾವಣ ಬೇಕು. ರಾವಣನು ರಾಮನಿಂದ ಕೊಲ್ಲಲ್ಪಟ್ಟನು. ಇಡೀ ಕನ್ನಡ ನಾಡಿನಲ್ಲಿ ಯಾವ ಅಜ್ಜಿಯೂ 'ಮುದ್ದೆ ನನ್ನಿಂದ ಉಣ್ಣಲ್ಪಟ್ಟಿತು' ಎಂದದ್ದಿಲ್ಲ. ಹಾಗಾದರೆ ಇದನ್ನು ಯಾಕೆ ಕಲಿಸಬೇಕು? ಇಲ್ಲಿಯೇ ಪೂರ್ವಸೂರಿಗಳ ದೂರದೃಷ್ಟಿ ಕಾಣುವುದು. ಹತ್ತನೇ ತರಗತಿಯ ಹುಡುಗ ನಾಳೆ ಕಚೇರಿಯ ಮೇಜಿಗೆ ಹೋಗುವವನು. 'ತಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ, ಪರಿಶೀಲಿಸಲಾಗುತ್ತಿದೆ, ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು.' ಭೂತ, ವರ್ತಮಾನ, ಭವಿಷ್ಯತ್ ಮೂರು ಕಾಲಗಳೂ ಇವೆ. ಆ ಮೂರು ಕಾಲಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ.

ಇಲ್ಲೊಂದು ಉಪನಿಯಮ. 'ಬೈ ಸಮ್‌ಬಡಿ' ಬಂದಲ್ಲಿ ಅದನ್ನು ಕೈಬಿಡಬಹುದು: 'ಮೈ ಪೆನ್ ವಾಸ್ ಸ್ಟೋಲನ್.' ಕದ್ದವನು ಯಾರೆಂದು ಗೊತ್ತಿಲ್ಲದಾಗ ಇದು ಸಲ್ಲುತ್ತದೆಂದು ಪುಸ್ತಕ ಹೇಳುತ್ತದೆ. ಚೆನ್ನಾಗಿ ಗೊತ್ತಿದ್ದಾಗ ಇನ್ನೂ ಚೆನ್ನಾಗಿ ಸಲ್ಲುತ್ತದೆಂಬುದು ಅನುಭವಿಗಳ ಮತ. ಯಾವುದೇ ಊರಿನ ಶಾಲಾ ಕೊಠಡಿಯ ಚರಿತ್ರೆಯನ್ನು ಈ ನಿಯಮದಿಂದ ಬಿಡಿಸಿ ನೋಡಿ. ಕೊಠಡಿಯನ್ನು ನಿರ್ಮಿಸಲಾಯಿತು: ಪ್ಯಾಸಿವ್, ಕಂಟ್ರಾಕ್ಟರ್ ಕಾಣೆ. ಮಾನ್ಯರು ಉದ್ಘಾಟಿಸಿದರು: ಶುದ್ಧ ಆಕ್ಟಿವ್, ಗ್ರಾನೈಟಿನ ಮೇಲೆ ಹೆಸರು, ಕೆಳಗೆ ಚಿಕ್ಕ ಅಕ್ಷರದಲ್ಲಿ 'ಗೌರವ ಉಪಸ್ಥಿತಿ' ಹದಿನಾಲ್ಕು ಮಂದಿ. ಗೋಡೆ ಬಿರುಕು ಬಿಟ್ಟಿತು: ಈಗ ಗೋಡೆಯೇ ಕರ್ತೃ! ತಪ್ಪೆಲ್ಲ ಗೋಡೆಯದು. ಮಕ್ಕಳನ್ನು ಸ್ಥಳಾಂತರಿಸಲಾಗಿದೆ. ಈ ನಾಲ್ಕು ವಾಕ್ಯಗಳ ವಾಯ್ಸನ್ನು ಅದಲುಬದಲು ಮಾಡಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರಪತ್ರಿಕೆ ಲೋಕಾಯುಕ್ತಕ್ಕೆ ಹೋಗಬೇಕಾಗುತ್ತದೆ.

ಕ್ವೆಶ್ಚನ್ ಟ್ಯಾಗಿನಲ್ಲಿ ನಮ್ಮವರು ಸಹಜವಾಗಿ ಸೋಮಾರಿಗಳು. ಊಟ ಆಯ್ತಲ್ವಾ, ನೀನೂ ಬರ್ತೀಯಲ್ವಾ, ಅವರು ತೀರಿಕೊಂಡರಲ್ವಾ, ಎಲ್ಲಕ್ಕೂ ಒಂದೇ ಬಾಲ. ಇಂಗ್ಲಿಷಿನಲ್ಲಿ ವಾಕ್ಯ ಹೌದೆಂದರೆ ಬಾಲ ಅಲ್ಲವೆನ್ನಬೇಕು, ವಾಕ್ಯ ಅಲ್ಲವೆಂದರೆ ಬಾಲ ಹೌದೆನ್ನಬೇಕು. ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಬಿಸಿಯೂಟ ಮುಗಿದ ಮೇಲಿನ ಪೀರಿಯಡ್ಡಿನಲ್ಲಿ ಈ ಸಂವಾದ ದಾಖಲಾಗಿದೆ. ಬೋರ್ಡಿನ ಮೇಲೆ: 'ಐ ಆಮ್ ಲೇಟ್, ಆರಂಟ್ ಐ?'

"ಸಾ, ಆಮಂಟ್ ಐ ಯಾಕಾಗಲ್ಲ ಸಾ?"

ಮೇಷ್ಟ್ರು ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ಅದು ಹಂಗೇ ಕಣೋ. ಬರ್ಕೊ. ಹೋದ್ ವರ್ಷ ಬಂದಿತ್ತು."

ತರ್ಕಶಾಸ್ತ್ರದ ವಿದ್ಯಾರ್ಥಿಗಳು ಈ ಉತ್ತರವನ್ನು ಬಾಯಿಪಾಠ ಮಾಡಬೇಕು. 'ಅದು ಹಂಗೇ' ಎಂಬುದು ಆಪ್ತವಾಕ್ಯ. 'ಬರ್ಕೊ' ಎಂಬುದು ವಿಧಿ. 'ಹೋದ್ ವರ್ಷ ಬಂದಿತ್ತು' ಎಂಬುದು ಹೊಗೆಯಿಂದ ಬೆಂಕಿಯನ್ನು ಊಹಿಸುವ ಶುದ್ಧ ಅನುಮಾನ. ಲೌತನಿಂದ ಇವತ್ತಿನವರೆಗೆ ಯಾರೂ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಕೊಟ್ಟಿಲ್ಲವೆಂದು ನನ್ನ ಎಣಿಕೆ. ಆ ಹುಡುಗ ಬರೆದುಕೊಂಡ.

ರಿಪೋರ್ಟೆಡ್ ಸ್ಪೀಚ್ ಕುರಿತು ಹೆಚ್ಚು ಹೇಳುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಟುಡೇ ಎಂಬುದು ದಟ್ ಡೇ ಆಗಿ, ಹಿಯರ್ ಎಂಬುದು ದೇರ್ ಆಗಿ, ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಸರಿದು, ಬೆಂಕಿ ಹತ್ತುವ ಹೊತ್ತಿಗೆ ಚಾಡಿ ತಣ್ಣಗಾಗಿರುತ್ತದೆ. 'ಅಂತ' ಎಂಬ ಎರಡಕ್ಷರದಲ್ಲಿ ಬಿಸಿಬಿಸಿಯಾಗಿ ಮುಟ್ಟಿಸುವ ಜನಕ್ಕೆ ಇದು ರುಚಿಸದಿರುವುದು ಸಹಜ.

ಈಗ ಪೂರ್ವಪಕ್ಷ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ಎಂಟನೆಯದರಲ್ಲೊಮ್ಮೆ, ಒಂಬತ್ತರಲ್ಲೊಮ್ಮೆ, ಹತ್ತರಲ್ಲೊಮ್ಮೆ ಜೂನ್ ತಿಂಗಳಲ್ಲಿ ನೌನ್ ಅಂದರೇನು ಎಂದೇ ಶುರುಮಾಡಬೇಕಲ್ಲ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ದೇವರ ಪೂಜೆ ನಿನ್ನೆ ಮಾಡಿದ್ದೆವೆಂದು ಇವತ್ತು ಬಿಡುವುದುಂಟೇ? ಇದು ಸುಲಭದ ಆಕ್ಷೇಪ. ಕಷ್ಟದ್ದು ಹಂಪಿಯಿಂದ ಬಂದಿದೆ.

ಅಲ್ಲೊಬ್ಬ ಆಟೋದವನಿದ್ದಾನೆ. ಎಸೆಸ್ಸೆಲ್ಸಿಯಲ್ಲಿ ಎಲ್ಲ ಪಾಸು, ಇಂಗ್ಲಿಷಿನಲ್ಲಿ ಡುಮ್ಕಿ. ಬಿಳಿಯ ದಂಪತಿ ಬಸ್ಸಿಳಿದರೆ ಶುರುಮಾಡುತ್ತಾನೆ: "ಹಲೋ ಮೇಡಂ, ಲೋಟಸ್ ಮಹಲ್, ಎಲಿಫೆಂಟ್ ಸ್ಟೇಬಲ್, ಕ್ವೀನ್ಸ್ ಬಾತ್, ಆಲ್ ಕವರ್. ವಿಠ್ಠಲ ಟೆಂಪಲ್ ಪಾರ್ಕಿಂಗ್ ಡ್ರಾಪ್, ದೆನ್ ಬ್ಯಾಟರಿ ಗಾಡಿ. ಲಂಚ್ ವೇಟಿಂಗ್ ಫ್ರೀ. ಈವನಿಂಗ್ ಹೇಮಕೂಟ ಸನ್‌ಸೆಟ್, ಫಿನಿಶ್. ಹ್ಯಾಪಿ, ದೆನ್ ಎಕ್ಸ್ಟ್ರಾ, ನೋ ಹ್ಯಾಪಿ, ನೋ ಎಕ್ಸ್ಟ್ರಾ." ಆರ್ಟಿಕಲ್ಲಿಲ್ಲ, ಟೆನ್ಸಿಲ್ಲ, ಇಡೀ ಭಾಷಣದಲ್ಲಿ ನೆಟ್ಟಗಿನ ಕ್ರಿಯಾಪದ ಹುಡುಕಿದರೂ ಸಿಗದು. ದಂಪತಿ ಹತ್ತಿ ಕೂರುತ್ತಾರೆ, ಸಂಜೆ ಎಕ್ಸ್ಟ್ರಾ ಕೊಡುತ್ತಾರೆ. ಅವರು ಮಾತಾಡಿದ್ದು ಅವನಿಗೆ, ಅವನು ಮಾತಾಡಿದ್ದು ಅವರಿಗೆ ಪೂರ್ತಿ ತಿಳಿಯುತ್ತದೆ. ವ್ಯಾಕರಣವಿಲ್ಲದೆ ಭಾಷೆ ಬಂದಿರುವಾಗ ನಿಮ್ಮ ಶಾಸ್ತ್ರವೇಕೆ, ಎಂದು ಪೂರ್ವಪಕ್ಷಿಗಳ ಪ್ರಶ್ನೆ.

ಸಿದ್ಧಾಂತ ಹೀಗಿದೆ. ಅರ್ಥವಾಯಿತು ಎಂಬುದು ಭಾಷೆಯ ಲಕ್ಷಣವಲ್ಲ. ಹಾಗಿದ್ದರೆ ಎತ್ತಿಗೂ ಇಂಗ್ಲಿಷ್ ಬರುತ್ತದೆನ್ನಬೇಕಾಗುತ್ತದೆ. ಹಣ ಕೈಸೇರಿದ್ದರಿಂದ ಅದು ವ್ಯಾಪಾರ, ವ್ಯಾಕರಣದ ಕಕ್ಷೆಗೆ ಬರದು. ಆದಕಾರಣ ಅವನಿಗೆ ಪಾಸಿಂಗ್ ಪ್ಯಾಕೇಜಿನ ಝೆರಾಕ್ಸ್ ಒದಗಿಸಿ, ಪರೀಕ್ಷೆ-2ಕ್ಕೆ ಕೂರಿಸುವುದೇ ಪರಿಹಾರವೆಂದು ಈ ಶಾಸ್ತ್ರದ ಪಂಡಿತರ ಪರಿಷತ್ತು ನಿರ್ಣಯಿಸಿತು. ಕೂರಿಸಲಾಯಿತು. ಒಂದು ಅಂಕದ ಪ್ರಶ್ನೆ: 'ದಿ ಡ್ರೈವರ್ ಟುಕ್ ದಿ ಟೂರಿಸ್ಟ್ಸ್ ಟು ದಿ ಟೆಂಪಲ್. ಚೇಂಜ್ ದಿ ವಾಯ್ಸ್.' ಅವನು ಟೂರಿಸ್ಟುಗಳನ್ನು ಸರಿಯಾಗಿ ಮುಂದಕ್ಕೆ ತಂದ, 'ವರ್ ಟೇಕನ್' ಎಂದೂ ಬರೆದ, ದೇವಸ್ಥಾನಕ್ಕೂ ಮುಟ್ಟಿಸಿದ. 'ಬೈ ದಿ ಡ್ರೈವರ್' ಬರೆಯಲಿಲ್ಲ. ಮೌಲ್ಯಮಾಪಕರು ಕೀ ಆನ್ಸರ್ ನೋಡಿ ಸೊನ್ನೆ ಹಾಕಿದರು. ಕಚೇರಿಯ ಕೆಲಸಕ್ಕೆ ಇಷ್ಟು ಲಾಯಕ್ಕಾದ ಹುಡುಗ ಇನ್ನೂ ಆಟೋ ಓಡಿಸುತ್ತಿದ್ದಾನೆ.