ಹೋಗ್ತದ, ಆದ್ರ ಯಾವಾಗ?

ನಾನು ಕೆಮಿಸ್ಟ್ರಿ ಕಲಿತದ್ದು ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಎಂದರೆ ಧಾರವಾಡದ ನಮ್ಮ ಸರ್ ಬೇಸರ ಮಾಡಿಕೊಳ್ಳಬಾರದು. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ಸೈನ್ಸಿನಲ್ಲಿ ಕುಳಿತವನಿಗೆ ‘ಈಕ್ವಿಲಿಬ್ರಿಯಂ’ ಶಬ್ದದ ಸ್ಪೆಲ್ಲಿಂಗ್ ಬಾಯಿಗೆ ಬರುವಷ್ಟರಲ್ಲೇ ದಸರಾ ರಜೆ ಬಂದಿತ್ತು.

“ಧಾರವಾಡಕ್ಕ ಹೋಗ್ತದೇನ್ರಿ?” ಎಂದು ಕಂಡಕ್ಟರನ್ನು ಕೇಳುತ್ತಿದ್ದೆ.

“ಹೋಗ್ತದ.”

“ಯಾವಾಗ್ರಿ?”

“ಡ್ರೈವರ್ ಚಾ ಕುಡದ ಬರಲಿ ತಡಿ, ತಮ್ಮಾ.”

ಮೊದಲ ಉತ್ತರ ಥರ್ಮೋಡೈನಮಿಕ್ಸು, ಎರಡನೆಯದು ಕೈನೆಟಿಕ್ಸು. ಕ್ರಿಯೆ ತಾನಾಗಿ ನಡೆದೀತೋ ಇಲ್ಲವೋ ಎಂಬಷ್ಟೇ ಥರ್ಮೋಡೈನಮಿಕ್ಸಿಗೆ ಗೊತ್ತು. ಎಷ್ಟು ಹೊತ್ತಿಗೆ ಎಂದರೆ ಮುಖ ತಿರುವುತ್ತದೆ. ಅದರ ಲೆಕ್ಕದಲ್ಲಿ ವಜ್ರವೂ ಒಂದು ದಿನ ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿ, ಆಗಬೇಕಾದದ್ದೇ. ಇದನ್ನು ಮನೆಯಲ್ಲಿ ಹೇಳಿದಾಗ ಅವ್ವ ಮೂಗುತಿ ಮುಟ್ಟಿ ನೋಡಿಕೊಂಡಳು. ಗಾಬರಿ ಬೇಡವೇ, ಆ ಗಾಡಿಯ ಡ್ರೈವರ್ ಇನ್ನೂ ಚಾ ಕುಡಿಯುತ್ತಿದ್ದಾನೆ ಎಂದೆ.

ಸಮತೋಲವೆಂದರೆ ಎಲ್ಲವೂ ನಿಂತುಬಿಡುವುದು ಎಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದ್ದು ಉಣಕಲ್ ಕೆರೆಯ ಹತ್ತಿರ ಎದುರಾಗುತ್ತಿದ್ದ ಬಸ್ಸುಗಳು. ನಾವು ಓದಲಿಕ್ಕೆ ಅತ್ತ, ಅವರು ವ್ಯಾಪಾರಕ್ಕೆ ಇತ್ತ. ಎರಡೂ ಊರು ಇದ್ದಷ್ಟೇ ಇರುತ್ತಿದ್ದವು. ನಡುವಿನ 20 ಕಿಲೋಮೀಟರಿಗೆ ಮಾತ್ರ ಪುರಸೊತ್ತಿಲ್ಲ. ಮುಮ್ಮುಖ ಕ್ರಿಯೆ, ಹಿಮ್ಮುಖ ಕ್ರಿಯೆ, ಎರಡರ ವೇಗವೂ ಸಮ. ಪರೀಕ್ಷೆಯಲ್ಲಿ ಇದನ್ನೇ ಬಸ್ಸಿನ ಸಮೇತ ಬರೆದೆ. ಅರ್ಧ ಮಾರ್ಕು ಬಿತ್ತು. 2018ರಲ್ಲಿ ಚಿಗರಿ ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡತೊಡಗಿದಾಗ ವೇಗವರ್ಧಕದ ಪಾಠವೂ ಪೂರ್ತಿಯಾಯಿತು: ಹೋಗುವವರಿಗೂ ಬರುವವರಿಗೂ ಬೇಗ ದಾರಿ ಸವೆಯಿತು, ಆದರೆ ಧಾರವಾಡ ಧಾರವಾಡವಾಗಿಯೇ ಉಳಿಯಿತು. ಆ ಅರ್ಧ ಮಾರ್ಕನ್ನು ಈಗಲಾದರೂ ಒಂದು ಮಾಡಬಹುದಿತ್ತು.

ಉಷ್ಣತೆ 10 ಡಿಗ್ರಿ ಏರಿದರೆ ಎಷ್ಟೋ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಸರ್ ಹೇಳಿದ್ದರು. ಅದನ್ನು ನಂಬಿ, ಅವ್ವ ಪೇಢೆಗೆಂದು ಸಣ್ಣ ಉರಿಯಲ್ಲಿ ಹುರಿಯುತ್ತಿದ್ದ ಖವಾದ ಒಲೆಯನ್ನು ನಾನು ದೊಡ್ಡದು ಮಾಡಿದೆ. ಕಂದು ಬಣ್ಣ ಬೇಗ ಬಂತು, ಸೀದ ವಾಸನೆ ಅದಕ್ಕಿಂತ ಬೇಗ. “ನಿನ್ನ ಕೆಮಿಸ್ಟ್ರಿ ಕಾಲೇಜಿನ್ಯಾಗ ಇಟ್ಟ ಬಾ” ಎಂದಳು.

ಕೊನೆಗೂ ಪಾಸಾದ ದಿನ ಲೈನ್ ಬಜಾರಿನಲ್ಲಿ ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ನವನಗರ ದಾಟುವಾಗ ಡಬ್ಬಿಯಲ್ಲಿ ಎರಡು ಉಳಿದಿದ್ದವು. ಒಂದನ್ನು ಕಂಡಕ್ಟರಿಗೆ ಕೊಟ್ಟೆ.